ಬಾಗಿಲಿಗೊಂದು ಗುರುತು

ಡೊಂಬಿವಲಿಯ ಗೃಹಿಣಿ ಮೊಬೈಲಿನಿಂದ ಹಣ ಕಳುಹಿಸಲಿ, ಠಾಣೆಯ ನೌಕರನು ಎಟಿಎಂನಿಂದ ಪಡೆಯಲಿ, ಕೋರಿಕೆ ಸೇರುವುದು ಬ್ಯಾಂಕಿನ ಗಣಕವ್ಯವಸ್ಥೆಯನ್ನೇ. ಇಂಥ ವ್ಯವಸ್ಥೆಗಳಲ್ಲಿ ಸಂದೇಶಗಳನ್ನು ಸ್ವೀಕರಿಸಿ, ಸರದಿಯಲ್ಲಿರಿಸಿ, ತಕ್ಕ ವಿಭಾಗಕ್ಕೆ ತಲುಪಿಸುವ ತಂತ್ರಾಂಶಕ್ಕೆ ‘ಮೆಸೇಜ್ ಬ್ರೋಕರ್’ ಎಂದು ಹೆಸರು. ದಲಾಲಿ ಕೇಳದ ದಲ್ಲಾಳಿ! ಇದಕ್ಕೆ ಬಾಗಿಲುಗಳು ಹಲವು. ಯಂತ್ರಗಳು ಬರುವಲ್ಲಿ ಡಿಜಿಟಲ್ ಪ್ರಮಾಣಪತ್ರವನ್ನೂ, ಸಿಬ್ಬಂದಿ ಬರುವಲ್ಲಿ ಪಾಸ್‌ವರ್ಡನ್ನೂ ಕೇಳುವಂತೆ ಪ್ರತ್ಯೇಕ ನಿಯಮ ವಿಧಿಸಬಹುದು. ಅಪಾಯವಿರುವುದು ‘ಒಳಗಿನವರೇ ತಾನೆ’ ಎಂದು ಗುರುತು ಕೇಳದೆ ಬಿಟ್ಟ ಬಾಗಿಲಲ್ಲಿ. ಅದು ಹೊರಜಾಲಕ್ಕೂ ತೆರೆದಿದ್ದರೆ ಅಪರಿಚಿತನು ಸಂದೇಶಗಳನ್ನು ಓದಬಲ್ಲನು. ಸುಳ್ಳು ಸಂದೇಶವನ್ನು ತೂರಿಸಲೂ ಬಲ್ಲನು. ಮುಂಬಾಗಿಲಿಗೆ ಕಾವಲಿಟ್ಟು ಹಿತ್ತಿಲ ಅಗಳಿ ಮರೆತಂತೆ! ‘ಮಾಸ್ಕಿಟೊ’ ಎಂಬ ಬ್ರೋಕರಿನಲ್ಲಿ, 2020ರಲ್ಲಿ ಬಂದ 2.0 ಆವೃತ್ತಿಯಿಂದೀಚೆಗೆ, ನಿರ್ವಾಹಕನು ಸ್ಪಷ್ಟವಾಗಿ ಅನುಮತಿಸದ ಹೊರತು ಅನಾಮಿಕರಿಗೆ ಹೊರಗಿನಿಂದ ಪ್ರವೇಶವಿಲ್ಲ.