ತೊಗರಿ: ಸಟ್ಟಾ ಬಂದ್ ಆದರೂ ತುಟ್ಟಿ ನಿಲ್ಲಲಿಲ್ಲ

ಅಕ್ಕಲಕೋಟ: ತೊಗರಿ ಬ್ಯಾಳಿ ತುಟ್ಟಿ ಆದಾಗೆಲ್ಲ ನಮ್ಮ ಗಡಿ ಭಾಗದ ಸಂತೆಗಳಲ್ಲಿ ಒಂದೇ ಮಾತು: ‘ಇದೆಲ್ಲಾ ಸಟ್ಟಾದವರ ಆಟ ರೀ’. ಮಾತು ಪೂರಾ ಸುಳ್ಳಲ್ಲ. ಆದರೆ ಸಟ್ಟಾ ನಡೆಯುವ ಜಾಗ ಯಾವುದು ಎಂಬುದನ್ನೂ ನೋಡಬೇಕು.

ಮಾಲು ಕೈಗೆ ಬರುವ ಮೊದಲೇ ಮುಂದಿನ ತಿಂಗಳ ದರಕ್ಕೆ ಸೌದಾ ಮಾಡುವುದು ವಾಯದಾ ವ್ಯಾಪಾರ. ಸ್ವಲ್ಪ ಮುಂಗಡ ಕಟ್ಟಿದರೆ ಸಾಕು. ಒಂದು ಕಾಳೂ ಮುಟ್ಟದೆ ಬರೀ ದರದ ಏರಿಳಿತದ ಮೇಲೆ ದುಡ್ಡು ಎಣಿಸುವವರು ಇದರಲ್ಲಿ ಇರುತ್ತಾರೆ. ಬೆಲೆ ಏರಿಕೆಯ ಕೂಗು ಎದ್ದಾಗ ಸರಕಾರ 2007ರ ಜನವರಿಯಲ್ಲಿ ತೊಗರಿ, ಉದ್ದಿನ ವಾಯದಾ ಬಂದ್ ಮಾಡಿತು. ಈ ಬಗ್ಗೆ ನೇಮಕವಾದ ಅಭಿಜಿತ್ ಸೇನ್ ಸಮಿತಿ ಮಾತ್ರ, ವಾಯದಾದಿಂದಲೇ ಬೆಲೆ ಏರಿತು ಎನ್ನಲು ಖಚಿತ ಪುರಾವೆ ಇಲ್ಲ ಎಂದು 2008ರಲ್ಲಿ ವರದಿ ಕೊಟ್ಟಿತು.

2015ರಲ್ಲಿ ತೊಗರಿ ವಾಯದಾ ಇರಲಿಲ್ಲ. ಆದರೂ ಅಕ್ಟೋಬರ್ ಹೊತ್ತಿಗೆ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮಳೆ ಕೈಕೊಟ್ಟು ಬೆಳೆ ಕಮ್ಮಿ ಆಗಿತ್ತು, ನಿಜ. ಆದರೆ ಗೋದಾಮುಗಳ ಮೇಲೆ ದಾಳಿ ನಡೆದಾಗ ಅತಿ ಹೆಚ್ಚು ಬೇಳೆಕಾಳು ಸಿಕ್ಕಿದ್ದು ನಮ್ಮ ಮಹಾರಾಷ್ಟ್ರದಲ್ಲೇ. ಪೇಟೆಯ ಬೋರ್ಡು ಮುಚ್ಚಿತ್ತು, ಸಟ್ಟಾ ಗೋದಾಮಿನಲ್ಲಿ ನಡೆದಿತ್ತು.

ರೈತನಿಗೆ ಸಿಕ್ಕಿದ್ದೇನು? ಇಲ್ಲಿ ತೊಗರಿ ರಾಶಿ ಆಗೋದು ಡಿಸೆಂಬರ್-ಜನವರಿಯಲ್ಲಿ. ಬೀಜ-ಗೊಬ್ಬರದ ಬಾಕಿ, ಮನೆಯ ಲಗ್ನ ಅಂತ ಚೀಲಗಳು ಸೀದಾ ಅಡತಿ ಅಂಗಡಿಗೆ ಹೋಗುತ್ತವೆ. ದರ ಏರುವಾಗ ರೈತನೂ ಅಂಗಡಿಯಲ್ಲಿ ಬೇಳೆ ಕೊಳ್ಳುವ ಗಿರಾಕಿ. ಆ ದರ ನೋಡಿ ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು. ಬೆಳೆ ಭರಪೂರ ಬಂತು. 2017ರಲ್ಲಿ ಕ್ವಿಂಟಲಿಗೆ 5,050 ರೂಪಾಯಿ ಹಮೀ ಭಾವ ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಕಮ್ಮಿಗೆ ಮಾರಬೇಕಾಯಿತು.

2021ರ ಡಿಸೆಂಬರಿನಲ್ಲಿ ಕಡಲೆ, ಹೆಸರು, ಗೋಧಿ, ಸೋಯಾಬೀನ್ ಸೇರಿ ಏಳು ಸರಕುಗಳ ವಾಯದಾಕ್ಕೂ ತಡೆ ಬಿತ್ತು. ಬೋರ್ಡು ಮುಚ್ಚುವುದು ಸರಕಾರಕ್ಕೆ ಸಸಾರ. ಕಷ್ಟದ ಕೆಲಸ ಎಂದರೆ ದಾಸ್ತಾನಿನ ಲೆಕ್ಕ ವರ್ಷವಿಡೀ ಇಡುವುದು, ರಾಶಿ ಆದ ಕೂಡಲೆ ಮಾರದಂತೆ ರೈತನಿಗೆ ಆಸರೆ ಕೊಡುವುದು.

ಅದಕ್ಕೆಂದೇ ಮಹಾರಾಷ್ಟ್ರದಲ್ಲಿ ‘ಶೇತಮಾಲ ತಾರಣ’ ಯೋಜನೆ ಇದೆ. ಬಾಜಾರ ಸಮಿತಿಯ ಗೋದಾಮಿನಲ್ಲಿ ತೊಗರಿ ಅಡವಿಟ್ಟು ಕಡಿಮೆ ಬಡ್ಡಿಯಲ್ಲಿ ಸಾಲ ಪಡೆದು, ದರ ನೋಡಿ ಮಾರಬಹುದು. ರಾಶಿಗೆ ಮುಂಚೆಯೇ ಸಮಿತಿ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಕಾಯುವ ತಾಕತ್ತು ಇದ್ದವರಿಗೇ ಲಾಭ ಸಿಗುವುದಾದರೆ, ಬೆಳೆದವನೂ ಒಂದಿಷ್ಟು ದಿನ ಕಾಯುವಂತಾಗಬೇಕು.