ತೇರಿನ ಮೇಳಿಗೆ, ದೀಪದ ಮೇಳಿಗೆ

ಮೇಳಿಗೆಯ ತೇರಿಗೆ ನಾನು ಮೊದಲ ಸಲ ಹೋದದ್ದು ಕಾಲೇಜಿನ ದಿನಗಳಲ್ಲಿ, ಹಾಸ್ಟೆಲ್ ರೂಮಿನ ಚಾಪೆಯ ಮೇಲೆ ಅಂಗಾತ ಮಲಗಿಕೊಂಡು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರೆಲ್ಲ ಹೀಗೆ ಒಮ್ಮೆ ಆ ಜಾತ್ರೆಗೆ ಹೋಗಿ ಬಂದವರೇ. ಹೆಂಡತಿಯ ದಹನ ಮುಗಿಸಿ ಅಗ್ರಹಾರ ಬಿಟ್ಟು ನಡೆದ ಪ್ರಾಣೇಶಾಚಾರ್ಯರಿಗೆ ಕಾಡುದಾರಿಯಲ್ಲಿ ಮಾಲೇರ ಪುಟ್ಟ ಗಂಟುಬೀಳುತ್ತಾನೆ. ಬೇಡವೆಂದರೂ ಬಿಡದೆ ಮೇಳಿಗೆಗೆ ಕರೆತರುತ್ತಾನೆ. ಅಲ್ಲಿ ಅಂಗಡಿಯ ಕಾಫಿ, ಕೋಳಿ ಅಂಕ, ಸೂತಕದ ಮೈಯಲ್ಲೇ ದೇವಸ್ಥಾನದ ಊಟದ ಪಂಕ್ತಿ. ಆಚಾರ್ಯರಿಗೆ ಇದ್ದ ಭಯ ಒಂದೇ: ಯಾರಾದರೂ ಗುರುತು ಹಿಡಿದು ‘ಇವರು ಇಂಥವರಲ್ಲವೇ’ ಅಂದುಬಿಟ್ಟರೆ?

ಕಾದಂಬರಿ ಬಂದದ್ದು 1965ರಲ್ಲಿ. ಲೇಖಕರು ಹುಟ್ಟಿದ್ದು ಇದೇ ಮೇಳಿಗೆಯಲ್ಲಿ, 1932ರ ಡಿಸೆಂಬರ್ 21ರಂದು. ಅಷ್ಟು ತಿಳಿದುಕೊಂಡು, ಬಹಳ ವರ್ಷಗಳ ಮೇಲೆ ಒಂದು ದೀಪಾವಳಿಗೆ ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿ ಕಂಡಕ್ಟರಿಗೆ ‘ಮೇಳಿಗೆ’ ಅಂದೆ.

‘ಮೇಳಿಗೇಲಿ ಎಲ್ಲಿ?’ ಅಂದ.

ಉತ್ತರ ನನ್ನಲ್ಲಿ ಇರಲಿಲ್ಲ. ಮಲೆನಾಡಿನ ಊರಿಗೆ ಹೊಸಬರಾಗಿ ಹೋದವರಿಗೆ ಮೊದಲು ಎದುರಾಗುವ ತೊಡಕು ಇದು. ಬಯಲುಸೀಮೆಯಲ್ಲಿ ಊರೆಂದರೆ ಕಣ್ಣಿಗೆ ಕಾಣುವ ಒಂದು ಗುಂಪು; ಅಗಸೆ ದಾಟಿದರೆ ಒಳಗೆ, ದಾಟದಿದ್ದರೆ ಹೊರಗೆ. ಇಲ್ಲಿ ಹಾಗಿಲ್ಲ. ರಸ್ತೆಯ ಬದಿಗೆ ನಾಲ್ಕು ಅಂಗಡಿ, ಒಂದು ಶಾಲೆ, ಬಸ್ಸಿನವರು ನಿಲ್ಲಿಸುವ ಒಂದು ಜಾಗ. ಉಳಿದ ಊರೆಲ್ಲ ಮರಗಳ ಹಿಂದೆ. ಗುಡ್ಡದ ಬುಡಕ್ಕೊಂದು ಮನೆ, ಅದರ ಎದುರು ಗದ್ದೆಕೋಗು, ಬಗಲಿಗೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ. ಮುಂದಿನ ಮನೆಗೆ ಹೋಗಬೇಕಾದರೆ ಒಂದು ಹಳ್ಳ, ಎರಡು ತಡಬೆ, ಒಂದು ಉಣುಗೋಲು. ಪಕ್ಕದ ಮನೆಯ ನಾಯಿ ಬೊಗಳಿದ್ದು ಕೇಳುತ್ತದೆ, ಮನೆ ಕಾಣುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಅಂಚಿನಲ್ಲೇ ಇರುವ ನೆಲ ಇದು. ನೀರು ಎಲ್ಲಿ ಹರಿಯುತ್ತದೋ ಅಲ್ಲಿ ತೋಟ, ತೋಟ ಎಲ್ಲಿದೆಯೋ ಅಲ್ಲಿ ಮನೆ.

ಇಂಥ ಕಡೆ ಊರು ಅನ್ನುವುದನ್ನು ನೋಡಬೇಕಾದರೆ ಹಬ್ಬಕ್ಕೇ ಹೋಗಬೇಕು. ಉಳಿದ ದಿನ ನೋಡಸಿಗುವುದು ಮನೆಗಳು ಮಾತ್ರ.

ಹಗಲಿಗೆ ನೋಡಲು ಏನೂ ಇಲ್ಲವೆಂದಲ್ಲ. ಮೇಳಿಗೆಯ ಅನಂತನಾಥ ಬಸದಿ ಇದೆ; ಇಲ್ಲಿಯವರ ಬಾಯಲ್ಲಿ ‘ಬಸ್ತಿ’. 1608ರಲ್ಲಿ ಜೈನ ಶೆಟ್ಟಿಯೊಬ್ಬ ಕಟ್ಟಿಸಿದ ಕಲ್ಲಿನ ಕಟ್ಟಡ, ಎದುರಿಗೆ ಮಾನಸ್ತಂಭ. ಹದಿನಾಲ್ಕನೆಯ ತೀರ್ಥಂಕರನ ಈ ಗುಡಿಯಲ್ಲಿ ಹೆಚ್ಚು ಸದ್ದಿಲ್ಲ. ನಾನು ಹೋದಾಗ ಅಂಗಳದಲ್ಲಿ ಒಬ್ಬರು ಹಾಳೆಟೋಪಿ ಹಾಕಿಕೊಂಡು ಹುಲ್ಲು ಹೆರೆಯುತ್ತಿದ್ದರು, ಅಷ್ಟೆ. ಮಳೆಗೆ ಕಲ್ಲು ಕಪ್ಪಾಗಿ, ಕಪ್ಪಿನ ಮೇಲೆ ಹಸಿರು ಪಾಚಿ ಹತ್ತಿ, ಮುಟ್ಟಿದರೆ ತಣ್ಣಗೆ. ಶಾಸನ ಓದಲು ಬಾರದವರಿಗೂ ಆ ಇಸವಿ ಒಂದು ಕಥೆ ಹೇಳುತ್ತದೆ. ಆಗ ಇಕ್ಕೇರಿಯಲ್ಲಿ ಆಳುತ್ತಿದ್ದವನು ಹಿರಿಯ ವೆಂಕಟಪ್ಪ ನಾಯಕ, ಲಿಂಗವಂತ. ಅವನ ಸೀಮೆಯಲ್ಲಿ ಜೈನ ವರ್ತಕ ಕಲ್ಲಿನ ಬಸದಿ ಎತ್ತಿಸುವಷ್ಟು ಗಳಿಸಿದ್ದ, ಎತ್ತಿಸಲು ಅಡ್ಡಿಯೂ ಇರಲಿಲ್ಲ. ಘಟ್ಟದ ಮೇಲಿನ ಮೆಣಸು ಎತ್ತುಗಳ ಬೆನ್ನೇರಿ ಕರಾವಳಿಗೆ ಇಳಿಯುತ್ತಿದ್ದ ಕಾಲ ಅದು.

ಅದೇ ವೆಂಕಟಪ್ಪನ ಇಕ್ಕೇರಿಗೆ 1623ರಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ರೋಮಿನ ಪಿಯೆತ್ರೋ ದೆಲ್ಲಾ ವಾಲೆ ಎಂಬ ಪ್ರವಾಸಿ ಬಂದ. ರಾಯಭಾರದ ಕೆಲಸ ಅವನದಲ್ಲ. ಸುಮ್ಮನೆ ನೋಡಲು ಬಂದವನು. ನಮ್ಮ ನಿಮ್ಮ ಹಾಗೆ ಬೀದಿಯಲ್ಲಿ ನಿಂತು, ಹುಡುಗಿಯರು ಬಣ್ಣದ ಕೋಲು ಹಿಡಿದು ಹಾಡುತ್ತ ಕುಣಿಯುತ್ತ ಹೋದದ್ದನ್ನು ಕಂಡು ಬರೆದಿಟ್ಟ. ಹಬ್ಬ ನೋಡಲೆಂದು ಈ ಕಡೆಗೆ ಬಂದ ಹೊರಗಿನವರ ಪಟ್ಟಿಯಲ್ಲಿ ನನಗೆ ತಿಳಿದ ಹಿರಿಯ ಅವನೇ. ನಾನು ಅವನಿಗಿಂತ ನಾಲ್ಕು ಶತಮಾನ ತಡ.

ಇನ್ನು ರಾತ್ರಿಯ ಮಾತು.

ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕುಗಳಲ್ಲಿ ದೀಪಾವಳಿಗೆ ‘ದೊಡ್ಡ ಹಬ್ಬ’ ಎಂದೇ ಹೆಸರು. ನೀರು ತುಂಬುವ ಹಬ್ಬದ ದಿನ ನಸುಕಿಗೇ ಬಾವಿಗೆ ಪೂಜೆ. ಆ ರಾತ್ರಿ ಊರ ಹುಡುಗರು ಇವರ ಮನೆಯ ಹೂಕುಂಡ ಅವರ ಅಂಗಳಕ್ಕೆ, ಅವರ ತೋಟದ ಬಾಳೆಗೊನೆ ಇನ್ನೆಲ್ಲಿಗೋ ಸಾಗಿಸುವ ‘ಬೂರೆ ಕಳವು’. ಬೈದರೆ ಹಬ್ಬ ಕೆಟ್ಟಂತೆ, ಹಾಗಾಗಿ ಬೈಯುವವರು ಮೆಲ್ಲಗೆ ಬೈಯುತ್ತಾರೆ. ಪಾಡ್ಯದ ಬೆಳಿಗ್ಗೆ ಗೋಪೂಜೆ. ದನಗಳ ಮೈಗೆ ಜೇಡಿ, ಕೆಮ್ಮಣ್ಣಿನ ಬಳೆಗುರುತು, ಕೊರಳಿಗೆ ಅಡಿಕೆ, ಚೆಂಡುಹೂ, ಪಚ್ಚೆತೆನೆ ಸೇರಿಸಿ ಕಟ್ಟಿದ ಸರ. ಒಲೆಯ ಮೇಲೆ ಚೀನಿಕಾಯಿ ಕಡುಬು.

ಕತ್ತಲಾದ ಮೇಲೆ ಶುರುವಾಗುವುದೇ ಅಂಟಿಗೆ-ಪಂಟಿಗೆ. ‘ಹಬ್ಬ ಹಾಡುವುದು’, ‘ದೀಪ ಹಾಡುವುದು’ ಎನ್ನುವವರೂ ಇದ್ದಾರೆ. ಹೆಸರಿನ ಬಗ್ಗೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಮಲೆನಾಡಿನಲ್ಲಿ ದೀಪ ‘ಅಂಟಿಸುವುದು’ ಎಂದರೆ ಹಚ್ಚುವುದು, ‘ಪಂಟಿ’ ಹಣತೆಯ ನೆಂಟ ಶಬ್ದ ಎನ್ನುವುದು ನನಗೆ ಒಪ್ಪಿಗೆಯಾದದ್ದು. ಹತ್ತಾರು ಗಂಡಸರ ತಂಡ. ಊರ ದೇವರ ಮುಂದೆ ಹಚ್ಚಿಕೊಂಡ ದೀಪ ಒಬ್ಬನ ಕೈಯಲ್ಲಿ. ಅದು ಆರಬಾರದು, ಗಾಳಿಗೆ ಮೈಯೊಡ್ಡಿ, ಕೈ ಮರೆಮಾಡಿ, ಗದ್ದೆಯ ಅಂಚಿನ ಮೇಲೆ ಹೆಜ್ಜೆ ಎಣಿಸುತ್ತ ನಡೆಯಬೇಕು. ಎಣ್ಣೆಯ ಪಾತ್ರೆ ಹೊರುವವನು ಒಬ್ಬ, ಕೊಟ್ಟದ್ದನ್ನು ತುಂಬಿಕೊಳ್ಳಲು ಚೀಲ ಹೊತ್ತವನು ಇನ್ನೊಬ್ಬ. ಹಾಡಿಗೆ ಮುಂದಾಳುಗಳು ಇಬ್ಬರು, ಉಳಿದವರದು ಸೊಲ್ಲು. ತಾಳ ಇಲ್ಲ, ಮದ್ದಳೆ ಇಲ್ಲ, ಬರೀ ಗಂಟಲು. ಮೂರು ರಾತ್ರಿ ಹೀಗೆ ಒಂಟಿಮನೆಗಳನ್ನೆಲ್ಲ ಸುತ್ತಿ ಬರುತ್ತಾರೆ.

ಮನೆಯ ಬಾಗಿಲು ಹಾಕಿರಬೇಕು. ತಂಡ ಜಗುಲಿಯ ಕೆಳಗೆ ನಿಂತು ಬಾಗಿಲು ತೆಗೆಸುವ ಪದ ಎತ್ತಿಕೊಳ್ಳುತ್ತದೆ. ಬಲೀಂದ್ರನಿಗೆ ಬಾಗಿಲು ತೆಗೆಯಿರಿ, ದೀಪ ಬಂದಿದೆ ಎಂಬ ಭಾವದ ಹಾಡು. ಊರಿಂದ ಊರಿಗೆ ಧಾಟಿ ಬೇರೆ. ಬಾಗಿಲು ತೆರೆದ ಮೇಲೆ ದೀಪ ಒಳಗೆ ಬರುತ್ತದೆ. ಮನೆಯೊಡತಿ ಅದಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ದೇವರ ಮುಂದಿನ ದೀಪ ಹಚ್ಚಿಕೊಳ್ಳುತ್ತಾಳೆ. ನಡುಮನೆಯಲ್ಲಿ ಕೂತು ಇನ್ನೆರಡು ಪದ; ಧರ್ಮರಾಯನದೋ ಗೋವಿನದೋ, ಮನೆಯವರು ಕೇಳಿದ್ದು. ಅಕ್ಕಿ, ಕಾಯಿ, ವೀಳ್ಯ, ದುಡ್ಡು, ಹೋಳಿಗೆ. ಕೊನೆಗೆ ಮನೆಯನ್ನು ಹರಸುವ ಪದ ಹೇಳಿ ಹೊರಡುತ್ತಾರೆ. ಲೆಕ್ಕ ಹಾಕಿ ನೋಡಿ: ಮೂರು ರಾತ್ರಿ ಕಳೆಯುವ ಹೊತ್ತಿಗೆ ಒಂದೇ ದೀಪದಿಂದ ಆ ಸುತ್ತಿನ ಮನೆಗಳೆಲ್ಲ ದೀಪ ಹಚ್ಚಿಕೊಂಡಿರುತ್ತವೆ, ಒಂದೇ ದೀಪಕ್ಕೆ ಎಲ್ಲ ಮನೆಯ ಎಣ್ಣೆಯೂ ಸೇರಿರುತ್ತದೆ. ಹಗಲಲ್ಲಿ ನನಗೆ ಕಾಣಿಸದ ಊರು ಇದೇ.

ಈಗ ಅಂಟಿಗೆ-ಪಂಟಿಗೆಗೆ ವೇದಿಕೆ ಸಿಕ್ಕಿದೆ. ಸ್ಪರ್ಧೆ ನಡೆಯುತ್ತದೆ, ತಂಡಗಳು ಒಂದೇ ಬಣ್ಣದ ಅಂಗಿ ತೊಟ್ಟು ಬರುತ್ತವೆ, ಮೊಬೈಲಿನಲ್ಲೂ ಹಾಡು ಸಿಗುತ್ತದೆ. ಇದನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಹುಡುಗರು ಬೆಂಗಳೂರಿನಲ್ಲಿದ್ದಾರೆ. ತೋಟಗಳಿಗೆ ಎಲೆಚುಕ್ಕೆ ರೋಗ ಬಂದಿದೆ. ಹಬ್ಬಕ್ಕೆ ಸಿಗುವುದು ಎರಡು ದಿನದ ರಜೆ. ಮೂರು ರಾತ್ರಿ ನಿದ್ದೆಗೆಟ್ಟು ಹಾಡಲು ಎಂಟು ಜನ ಹೊಂದಿಸುವುದೇ ಕಷ್ಟ. ವೇದಿಕೆಯ ನೆಪದಲ್ಲಾದರೂ ಪದ ಕಲಿತರೆ ಒಳ್ಳೆಯದೇ. ಆದರೆ ಮುಚ್ಚಿದ ಬಾಗಿಲಿಗಾಗಿ ಹುಟ್ಟಿದ ಪದವನ್ನು ಮೈಕಿನ ಮುಂದೆ ಹೇಳಿದಾಗ ಏನೋ ಒಂದು ಬಿಟ್ಟುಹೋಗುತ್ತದೆ. ಬಾಗಿಲೇ ಇಲ್ಲದ ಕಡೆ ಬಾಗಿಲು ತೆಗೆಯಿರಿ ಎಂದರೆ ಯಾರು ಏಳಬೇಕು?

ಜಾತ್ರೆಯದು ಇದರ ತಿರುವುಮುರುವು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಮನೆಗಳೇ ಎದ್ದು ಹೊಳೆಯ ಕಡೆ ನಡೆಯುತ್ತವೆ. ತಾಯಿಯನ್ನು ಕಡಿದ ಕೊಡಲಿಯ ರಕ್ತ ಎಲ್ಲೂ ಹೋಗದೆ, ಪರಶುರಾಮ ಕೊನೆಗೆ ತುಂಗೆಯ ಈ ಬಂಡೆಗಳ ನಡುವೆ ತೊಳೆದನೆಂಬ ಐತಿಹ್ಯ. ಮಾರ್ಗಶಿರದ ಅಮಾವಾಸ್ಯೆಯ ದಿನ ರಾಮೇಶ್ವರನ ಗುಡಿಯ ಎದುರು ರಾಮಕುಂಡದಲ್ಲಿ ತೀರ್ಥಸ್ನಾನ, ಮರುದಿನ ತೇರು, ಮೂರನೆಯ ರಾತ್ರಿ ಹೊಳೆಯಲ್ಲಿ ತೆಪ್ಪೋತ್ಸವ. ಡಿಸೆಂಬರ್ ಕೊನೆಯ ಚಳಿ. ನೀರಿಗಿಳಿದವರ ಹಲ್ಲು ಕಟಕಟ. ತೆಪ್ಪದ ರಾತ್ರಿ ಸೇತುವೆಯ ಮೇಲೂ ದಡದ ಮೇಲೂ ಜನ, ಬಾಣಬಿರುಸಿನ ಬೆಳಕಿಗೆ ಒಂದು ಕ್ಷಣ ಎಲ್ಲರ ಮುಖವೂ ಕಂಡು ಮತ್ತೆ ಕತ್ತಲು. ಅಡಿಕೆ ಕೊಯ್ಲಿನ ನಡುವೆ ಬರುವ ಜಾತ್ರೆ. ಹೆಂಗಸರು ಚಪ್ಪರದಡಿಯ ಮೆಟ್ಟುಗತ್ತಿ ಬಿಟ್ಟು ಬಂದಿರುತ್ತಾರೆ; ಬಳೆ ಇಟ್ಟುಕೊಳ್ಳಲು ಚಾಚಿದ ಕೈಯಲ್ಲಿ ಅಡಿಕೆ ಚೊಗರಿನ ಕಲೆ ಇನ್ನೂ ಇರುತ್ತದೆ. ಅಲ್ಲಿ ನೀವು ಯಾರೆಂದು ಯಾರೂ ಕೇಳುವುದಿಲ್ಲ. ಮಂಡಕ್ಕಿ ಪೊಟ್ಟಣ ಹಿಡಿದು ಗಂಟೆಗಟ್ಟಲೆ ತಿರುಗಬಹುದು. ಪ್ರಾಣೇಶಾಚಾರ್ಯರನ್ನು ಅನಂತಮೂರ್ತಿ ಗುಡ್ಡಕ್ಕೋ ಮಠಕ್ಕೋ ಕಳಿಸದೆ ತೇರಿಗೇ ಕಳಿಸಿದ್ದು ಏಕೆಂದು ನನಗೆ ಹೊಳೆದದ್ದು ಆ ಗದ್ದಲದಲ್ಲಿ. ಯಾರೂ ಅಲ್ಲದವನಾಗಿ ನಾಲ್ಕು ಗಳಿಗೆ ಇರಲು ಮಲೆನಾಡಿನ ಮನುಷ್ಯನಿಗೆ ಜಾತ್ರೆಯೊಂದೇ ಎಡೆ. ಉಳಿದ ದಿನವೆಲ್ಲ ಅವನು ಇಂಥ ಮನೆಯವನು.

ಈ ಸೀಮೆಯ ದೊಡ್ಡ ಜಾತ್ರೆಗಳಲ್ಲಿ ಸಾಗರದ ಮಾರಿಕಾಂಬೆಯದು ಮೂರು ವರ್ಷಕ್ಕೊಮ್ಮೆ. ದೇವಿಗೆ ಪೇಟೆಯಲ್ಲೇ ತವರುಮನೆಯೂ ಇದೆ, ಗಂಡನ ಮನೆಯೂ ಇದೆ. ಮೊದಲು ತವರಿನಲ್ಲಿ ಪೂಜೆಗೊಂಡು ಗಂಡನ ಮನೆಗೆ ಹೋಗುತ್ತಾಳೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಪದ್ಮಾವತಿಯ ತೇರು. ಆಶ್ವಿಜದ ಹುಣ್ಣಿಮೆಗೆ ಹೋದರೆ ಭೂಮಿ ಹುಣ್ಣಿಮೆ. ದೀವರ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಗೆರೆ ಎಳೆದು ಚಿತ್ತಾರ ಬರೆಯುತ್ತಾರೆ. ಹೊಡೆಯಾದ ಬತ್ತದ ಗದ್ದೆಗೆ ಬಸುರಿಯ ಬಯಕೆಯೂಟ ಆ ಬುಟ್ಟಿಯಲ್ಲಿ ಹೋಗುತ್ತದೆ. ಅದೊಂದೇ ಒಂದು ಲೇಖನಕ್ಕೆ ಸಾಲುವಷ್ಟು ದೊಡ್ಡದು, ಇಲ್ಲಿ ಬಿಡುತ್ತೇನೆ.

ಹೋಗುವವರಿಗೆ ಎರಡು ಮಾತು. ಕುಪ್ಪಳಿಯ ಕವಿಮನೆ, ಕವಿಶೈಲ, ಕವಲೇದುರ್ಗದ ಕೋಟೆ, ಆಗುಂಬೆಯ ಸೂರ್ಯಾಸ್ತ ಎಂದು ಒಂದೇ ದಿನಕ್ಕೆ ನಾಲ್ಕು ತುರುಕುವ ಟ್ಯಾಕ್ಸಿಯವರಿಗೆ ಸಿಕ್ಕಬೇಡಿ. ಕುವೆಂಪು, ಅನಂತಮೂರ್ತಿ ಎಂದು ಇಬ್ಬರು ಜ್ಞಾನಪೀಠದವರನ್ನು ಕೊಟ್ಟ ತಾಲ್ಲೂಕು ಇದು. ನಿಧಾನಕ್ಕೆ ನಡೆದು ನೋಡುವಷ್ಟಿದೆ. ದೀಪಾವಳಿಗೆ ಹೋದರೆ ಕಾಲಿಗೆ ಇಂಬಳ ಹತ್ತುತ್ತದೆ, ಹೆದರಬೇಡಿ, ಸುಣ್ಣ ಇಟ್ಟುಕೊಂಡಿರಿ. ಹೋಂಸ್ಟೇಗಳಿವೆ. ಪರಿಚಯದವರ ಮನೆ ಇದ್ದರೆ ಇನ್ನೂ ಲೇಸು, ಏಕೆಂದರೆ ದೀಪ ಬರುವುದು ಮನೆಗೆ.

ನಾನು ಉಳಿದದ್ದು ಅಂಥ ಒಂದು ಮನೆಯಲ್ಲಿ, ಸ್ನೇಹಿತನ ಅತ್ತೆಯವರದು. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ನಾಯಿ ಬೊಗಳಿತು. ತೋಟದಾಚೆ ಒಂದು ಚುಕ್ಕಿ ಬೆಳಕು ಏರಿ ಇಳಿದು ಬಂತು. ಅಮ್ಮ ಎದ್ದು ಹೆಬ್ಬಾಗಿಲು ಹಾಕಿ ಅಗಳಿ ಜಡಿದರು. ಹೊರಗೆ ಕೆಮ್ಮು, ಪಿಸುಮಾತು, ಆಮೇಲೆ ಇಬ್ಬರ ಗಂಟಲು ಒಟ್ಟಿಗೆ ಎದ್ದಿತು. ಮುಚ್ಚಿದ ಬಾಗಿಲ ಒಳಗೆ, ಕತ್ತಲಲ್ಲಿ ನಿಂತು ಕೇಳಿದಾಗಲೇ ಆ ಧಾಟಿಯ ಎಳೆತ ಎಷ್ಟು ಉದ್ದವೆಂದು ಗೊತ್ತಾಗುವುದು. ತಡೆಯಲಾರದೆ ಅಗಳಿಗೆ ಕೈ ಹಾಕಿದೆ.

‘ತಡೀರಿ ಮಾರಾಯ್ರೆ, ಪದ ಮುಗೀಲಿ,’ ಅಂದರು ಅಮ್ಮ.

ಮುಗಿಯಿತು. ತೆಗೆದೆವು. ದೀಪದ ಹಿಂದೆ ಎಂಟು ಮುಖ, ಅರ್ಧಕ್ಕರ್ಧ ನರೆತ ಗಡ್ಡ, ಒಬ್ಬ ಮಾತ್ರ ಮೀಸೆ ಚಿಗುರುತ್ತಿದ್ದ ಹುಡುಗ. ಎಣ್ಣೆ ಎರೆದದ್ದಾಯಿತು, ಎರಡು ಪದವಾಯಿತು, ಕಡುಬು ತಿಂದದ್ದಾಯಿತು. ಏಳುವಾಗ ದೀಪದವರು ನನ್ನ ಮುಖಕ್ಕೆ ಬೆಳಕು ಹಿಡಿದು ಕೇಳಿದರು:

‘ಇವ್ರಿಗೆ ಯಾವೂರಾಯ್ತು?’

ನಾನು ಬಾಯಿ ತೆಗೆಯುವುದರೊಳಗೆ ಅಮ್ಮ, ‘ನಮ್ಮನೆಯವ್ರೇ,’ ಅಂದರು. ಅವರು ತಲೆಯಾಡಿಸಿ, ಎಣ್ಣೆಯ ಗಿಂಡಿ ಎತ್ತಿಕೊಂಡು ಉಣುಗೋಲು ದಾಟಿದರು.