ಮನೆಯ ಉಪಕರಣಗಳೂ ಬ್ಯಾಟರಿಯ ಪರೀಕ್ಷೆಯೂ

ಅಮ್ಮಸಂದ್ರದ ಸುತ್ತಣ ತೆಂಗಿನ ಸೀಮೆಯಲ್ಲಿ ಬೆನ್ನಿಗೆ ಹೊರುವ ಬ್ಯಾಟರಿ ಪಂಪು ಈಗ ಗುದ್ದಲಿ ಮಚ್ಚುಗಳಂತೆಯೇ ಪರಿಚಿತವಾದ ಉಪಕರಣವಾಗಿದೆ. ತೆಂಗಿನ ಸಸಿಗಳಿಗೂ ನಡುವಣ ತರಕಾರಿಗೂ ಔಷಧ ಹೊಡೆಯಲು ಇದು ಬಹಳ ಅನುಕೂಲವಾದುದು. ಆದರೆ ಕೆಲವು ಕಾಲದ ಮೇಲೆ ಪಂಪಿನ ಬಲವು ಕುಗ್ಗಲು, ಮನೆಯವರು ಅದನ್ನು ಮೂಲೆಗೆ ಹಾಕುವುದೂ, ಇಲ್ಲವೆ ಕೈಗೆ ಸಿಕ್ಕಿದ ಬ್ಯಾಟರಿಯನ್ನು ಜೋಡಿಸುವುದೂ ಉಂಟು. ಮೊದಲನೆಯದರಿಂದ ಹಣವು ನಷ್ಟವಾಗುವುದು. ಎರಡನೆಯದರಿಂದ ಮನೆಗೆ ಬೆಂಕಿಯೇ ಬೀಳಬಹುದು. ಶಾಲೆಯಲ್ಲಿ ವೋಲ್ಟು, ಆಂಪಿಯರುಗಳ ಪಾಠವನ್ನು ಕಲಿತ ಹೆಣ್ಣುಮಕ್ಕಳು ಈ ಎರಡನ್ನೂ ತಪ್ಪಿಸಬಲ್ಲರೆಂದು ನಾವು ನಂಬುತ್ತೇವೆ.

ಇಂತಹ ಪಂಪುಗಳಲ್ಲಿ ಸಾಮಾನ್ಯವಾಗಿರುವುದು ೧೨ ವೋಲ್ಟಿನ ಸೀಸದ ಬ್ಯಾಟರಿ. ಈ ಜಾತಿಯ ಬ್ಯಾಟರಿಯನ್ನು ೧೮೫೯ರಲ್ಲಿ ಫ್ರಾನ್ಸ್ ದೇಶದ ಗಾಸ್ತೊ ಪ್ಲಾಂತೆ ಎಂಬ ವಿದ್ವಾಂಸನು ನಿರ್ಮಿಸಿದನು. ಬರಿದಾದ ಬ್ಯಾಟರಿಯನ್ನು ತುಂಬದೆ ಹಾಗೆಯೇ ಇಟ್ಟರೆ, ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ, ಮತ್ತೆ ವಿದ್ಯುತ್ತನ್ನು ಹಿಡಿಯುವ ಶಕ್ತಿಯು ಕ್ಷೀಣಿಸುವುದು. ಆದಕಾರಣ ಕೆಲಸವಿಲ್ಲದ ತಿಂಗಳುಗಳಲ್ಲಿಯೂ ಆಗಾಗ ಚಾರ್ಜು ಮಾಡತಕ್ಕದ್ದು.

ದೋಷವೆಲ್ಲಿದೆಯೆಂದು ತಿಳಿಯಲು ಸಣ್ಣದೊಂದು ಮಲ್ಟಿಮೀಟರು ಸಾಕು. ಮೊದಲು ಪಂಪಿಗೆ ಅಂಟಿದ ಔಷಧವನ್ನು ತೊಳೆದು, ಒಣಗಿಸಿ, ಬಳಿಕ ಮುಚ್ಚಳವನ್ನು ತೆಗೆಯಬೇಕು. ಪೂರ್ಣವಾಗಿ ತುಂಬಿ, ಕೆಲವು ಗಂಟೆ ಸುಮ್ಮನಿಟ್ಟ ಒಳ್ಳೆಯ ಬ್ಯಾಟರಿಯು ಸುಮಾರು ೧೨.೭ ವೋಲ್ಟು ಅಥವಾ ತುಸು ಹೆಚ್ಚು ತೋರಿಸುವುದು. ಇಷ್ಟಕ್ಕೇ ನಿಲ್ಲಿಸಕೂಡದು. ಏಕೆಂದರೆ ಸತ್ತ ಬ್ಯಾಟರಿಯೂ ವಿಶ್ರಾಂತಿಯಲ್ಲಿ ಅಷ್ಟನ್ನೇ ತೋರಿಸಿ ಮೋಸಗೊಳಿಸುವುದುಂಟು. ಪಂಪನ್ನು ನಡೆಯಿಸುತ್ತಲೇ ಮತ್ತೊಮ್ಮೆ ಅಳೆಯಬೇಕು. ಆಗ ಸ್ವಲ್ಪ ಹೊತ್ತಿನಲ್ಲೇ ೧೦.೫ ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯ ಕಾಲ ಮುಗಿಯಿತು. ಬ್ಯಾಟರಿಯ ತುದಿಯಲ್ಲಿ ೧೨ ವೋಲ್ಟಿದ್ದು ಮೋಟಾರಿನ ತುದಿಯಲ್ಲಿ ಬಹಳ ಕಡಿಮೆಯಿದ್ದರೆ, ದೋಷವು ನಡುವಣ ಸ್ವಿಚ್ಚಿನಲ್ಲೋ ಕಿಲುಬು ಹಿಡಿದ ಜೋಡಣೆಯಲ್ಲೋ ಇರುವುದು. ಅದನ್ನು ಉಜ್ಜಿ ಬಿಗಿಮಾಡಿದರೆ ಹೊಸ ಬ್ಯಾಟರಿಯೇ ಬೇಡ. ಬ್ಯಾಟರಿಯು ತುಂಬುತ್ತಲೇ ಇಲ್ಲವಾದರೆ, ಚಾರ್ಜರನ್ನು ಜೋಡಿಸಿದಾಗ ಬ್ಯಾಟರಿಯ ವೋಲ್ಟು ಮೆಲ್ಲನೆ ೧೪ರ ಸಮೀಪಕ್ಕೆ ಏರುವುದೋ ಎಂದು ನೋಡಬೇಕು. ಏರದಿದ್ದರೆ ಬೇರೊಂದು ಒಳ್ಳೆಯ ಬ್ಯಾಟರಿಗೆ ಅದೇ ಚಾರ್ಜರನ್ನು ಹಾಕಿ ನೋಡಿದಲ್ಲಿ ತಪ್ಪು ಯಾವುದರದೆಂದು ತಿಳಿಯುವುದು. ಚಾರ್ಜರಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಸುಟ್ಟ ಫ್ಯೂಸಿಗೆ ಬದಲಾಗಿ ತಂತಿಯ ಚೂರನ್ನು ಸುತ್ತುವುದೂ ಕೂಡದು.

ಇನ್ನು ಮಾರ್ಪಾಡಿನ ವಿಷಯ. ಹಗುರವಾದುದೆಂದು ಸೀಸದ ಬದಲಿಗೆ ಲಿಥಿಯಂ ಬ್ಯಾಟರಿಯನ್ನು ಹಾಕಿ, ಹಳೆಯ ಚಾರ್ಜರನ್ನೇ ಉಪಯೋಗಿಸುವವರಿದ್ದಾರೆ. ಇದು ಘೋರವಾದ ಅಪಾಯ. ಲೆಕ್ಕವನ್ನು ನೋಡಿರಿ: ಮೂರು ಕೋಶಗಳ ಸಾಮಾನ್ಯ ಲಿಥಿಯಂ ಬ್ಯಾಟರಿಯಲ್ಲಿ ಒಂದೊಂದು ಕೋಶವು ತಾಳುವುದು ೪.೨ ವೋಲ್ಟು, ಒಟ್ಟು ೧೨.೬. ಸೀಸದ ಚಾರ್ಜರು ಕೊಡುವ ೧೪.೪ ವೋಲ್ಟನ್ನು ಮೂರರಿಂದ ಭಾಗಿಸಿದರೆ ೪.೮ ಆಗುವುದು. ರಕ್ಷಣಾ ಫಲಕವಿಲ್ಲದ ಬ್ಯಾಟರಿಯು ಇದರಿಂದ ಉಬ್ಬಿ, ಬಿಸಿಯೇರಿ, ಹೊತ್ತಿಕೊಳ್ಳಬಹುದು. ಬದಲಾಯಿಸಲೇಬೇಕೆಂದರೆ, ನಾಲ್ಕು ಕೋಶಗಳ, ೧೨.೮ ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯು ಇದಕ್ಕಿಂತ ಮೇಲು. ಅದಕ್ಕೂ ರಕ್ಷಣಾ ಫಲಕವೂ, ಅದರದೇ ಆದ ೧೪.೬ ವೋಲ್ಟಿನ ಚಾರ್ಜರೂ ಇರಲೇಬೇಕು. ರಾತ್ರಿ ಎಲ್ಲರೂ ಮಲಗಿರುವಾಗ, ಕೊಬ್ಬರಿಯ ಅಟ್ಟದ ಕೆಳಗೋ ಒಣಗಿದ ಮಟ್ಟೆಯ ರಾಶಿಯ ಬಳಿಯೋ ಯಾವ ಬ್ಯಾಟರಿಯನ್ನೂ ಚಾರ್ಜಿಗೆ ಇಡಬಾರದು.

ಮುಗಿದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವುದಾಗಲಿ, ಹಿತ್ತಿಲಿನಲ್ಲಿ ಒಡೆದು ಸೀಸವನ್ನು ಕರಗಿಸುವುದಾಗಲಿ ಸಲ್ಲದು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೇ ಕೇಡು ಮಾಡುವ ವಿಷ. ಭಾರತ ಸರ್ಕಾರದ ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯು ತಯಾರಕರದು. ಹೊಸದನ್ನು ಕೊಳ್ಳುವಾಗ ಅಂಗಡಿಗೇ ಒಪ್ಪಿಸುವುದು ಉತ್ತಮ.

ಆದುದರಿಂದ ತಾಯಿತಂದೆಗಳು ಮನೆಯಲ್ಲಿ ಏನಾದರೂ ಕೆಟ್ಟಾಗ ಮೀಟರನ್ನು ಮಗನ ಕೈಗೆ ಮಾತ್ರವಲ್ಲದೆ ಮಗಳ ಕೈಗೂ ಕೊಡಬೇಕೆಂದು ನಾವು ಕೋರುತ್ತೇವೆ. ಅಳೆದು ನೋಡಿ ಆಮೇಲೆ ಖರ್ಚುಮಾಡುವ ಮನೆಯಲ್ಲಿ ಹಣವೂ ಉಳಿಯುವುದು, ಜೀವಕ್ಕೂ ಕ್ಷೇಮ.